ಆರು ಸದ್ದು, ಏಳು ಕುಳಿ

ತಾಳುಮಾವನಿಗೆ ಪ್ರವಾಸಿಗರನ್ನು ಕಂಡರೆ ಆಗುತ್ತಿರಲಿಲ್ಲ. ದೊಡ್ಡವರನ್ನು ಕಂಡರೆ ಮೈ ಉರಿಯುತ್ತಿತ್ತು, ಮಕ್ಕಳನ್ನು ಕಂಡರೆ ಅದರ ಎರಡರಷ್ಟು. ಕೈಗೂಸುಗಳನ್ನು ಮಾತ್ರ, ಅವಿನ್ನೂ ಪ್ರಶ್ನೆ ಕೇಳಲು ಕಲಿತಿಲ್ಲವೆಂಬ ಒಂದೇ ಕಾರಣಕ್ಕೆ, ಸಹಿಸಿಕೊಳ್ಳುತ್ತಿದ್ದ. ಇಂಥ ಮನುಷ್ಯನನ್ನು ಕರೆತಂದು, ತಲೆಗೆ ಹಳದಿ ಟೋಪಿ ಇಟ್ಟು, ಪ್ರವಾಸಿಗರಿಗೆ ಗಣಿ ತೋರಿಸುವ ಕೆಲಸಕ್ಕೆ ಹಚ್ಚಿದವನು ಅವನ ಭಾವಮೈದ, ಅಂದರೆ ಹೆಂಡತಿಯ ತಮ್ಮ. ಹಚ್ಚಿದ ಮರುದಿನದಿಂದ ಕೈ ಕೈ ಹಿಸುಕಿಕೊಳ್ಳುತ್ತಿದ್ದವನೂ ಅವನೇ.

ಮಾವ ಮೂವತ್ತೊಂದು ವರ್ಷ ಇದೇ ಗಣಿಯಲ್ಲಿ ಬಂಡೆ ಸಿಡಿಸಿದವನು. ಆ ಕಸುಬಿನಲ್ಲಿ ಹತ್ತು ಬೆರಳು, ಎರಡು ಕಣ್ಣು ಉಳಿಸಿಕೊಂಡು ಮನೆಗೆ ಬರುವುದು ಸಾಮಾನ್ಯ ಸಾಹಸವಲ್ಲ. ಹಳೆಯ ಸಿಡಿಮದ್ದಿನವರ ಗುಂಪಿನ ಫೋಟೋದಲ್ಲಿ ಎರಡು ಕೈಯೂ ಪೂರ್ತಿ ಕಾಣುವುದು ಅವನೊಬ್ಬನದೇ. ಗುಟ್ಟೇನೆಂದರೆ ಮಾವ ಎಣಿಸುತ್ತಿದ್ದ. ಪಾಳಿಯ ಕೊನೆಗೆ ಬಂಡೆಯಲ್ಲಿ ಏಳು ಕುಳಿ ಕೊರೆದು, ಮದ್ದು ತುಂಬಿ, ಬತ್ತಿಗೆ ಬೆಂಕಿ ಕೊಟ್ಟು, ತಿರುವಿನ ಹಿಂದಕ್ಕೆ ಓಡಿ ಕುಕ್ಕರಗಾಲಲ್ಲಿ ಕೂತು ಎಣಿಸುವುದು. ಕುಳಿಗಳು ಒಂದರ ಹಿಂದೊಂದು ಸಿಡಿಯುತ್ತವೆ. ಏಳು ಕುಳಿಗೆ ಏಳು ಸದ್ದು ಬಂದರೆ ಕ್ಷೇಮ. ಆರೇ ಬಂದರೆ ಒಂದು ಕುಳಿಯಲ್ಲಿ ಮದ್ದು ಇನ್ನೂ ಹೊಂಚು ಹಾಕಿ ಕೂತಿದೆ ಎಂದರ್ಥ. ಆಮೇಲೆ ಅರ್ಧ ಗಂಟೆ ಯಾರೂ ಮುಂದೆ ಹೆಜ್ಜೆ ಇಡುವ ಹಾಗಿಲ್ಲ. ಇದನ್ನು ಕಲಿಸಿದ ಒಂಟಿಗಣ್ಣಿನ ಮುದುಕ ಹೋದ ಕಣ್ಣಿನ ಗುಳಿಯನ್ನು ಬೆರಳಲ್ಲಿ ತೋರಿಸಿ, "ಇದು ಹೋಗಿದ್ದು ಇಪ್ಪತ್ತೊಂಬತ್ತನೇ ನಿಮಿಷದಲ್ಲಿ ಕಣಯ್ಯಾ" ಎಂದಿದ್ದ. ಅಷ್ಟು ಪಾಠ ಸಾಕಾಯಿತು. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಬೇರೆಯವರು ಬಾಯಲ್ಲಿ ಆಡಿದರು, ಮಾವ ಗಡಿಯಾರ ಹಿಡಿದು ಪಾಲಿಸಿದ. "ತಾಳು, ತಾಳು" ಎನ್ನುವುದೇ ಅಭ್ಯಾಸವಾಗಿ, ಹೆತ್ತವರಿಟ್ಟ ಹೆಸರು ಮರೆತುಹೋಗಿ, ಊರಿಗೆಲ್ಲ ತಾಳುಮಾವನಾದ.

ಭಾವಮೈದ ಆಗ ಅದೇ ಗಣಿಯ ಹಾಜರಿ ಗುಮಾಸ್ತ. ಒಂದು ದಿನವೂ ನೆಲದ ಕೆಳಗೆ ಇಳಿದವನಲ್ಲ. ಮಾವ ಜೀವ ಕೈಯಲ್ಲಿ ಹಿಡಿದು ಕಾದ ಪ್ರತಿ ಅರ್ಧ ಗಂಟೆಯ ಎದುರೂ ಕೆಂಪು ಶಾಯಿಯಲ್ಲಿ 'ಸುಮ್ಮನೆ ಕೂತಿದ್ದರು' ಎಂದು ಬರೆಯುತ್ತಿದ್ದ. ಗಾಯ ನಲವತ್ತು ವರ್ಷ ಹಳೆಯದು, ಕೀವು ಮಾತ್ರ ತಾಜಾ.

ಗಣಿ ಮುಚ್ಚಿತು. ಮಾವ ಹನ್ನೆರಡು ವರ್ಷ ಮನೆಯಲ್ಲಿ ಕೂತ. ಮನೆಯಲ್ಲಿ ಎಣಿಸಲು ಇದ್ದದ್ದು ಕುಕ್ಕರಿನ ಸೀಟಿ. ಮೂರು ಕೂಗಬೇಕಾದದ್ದು ಎರಡೇ ಕೂಗಿ ಸುಮ್ಮನಾದರೆ ಅಡುಗೆಮನೆಯ ಬಾಗಿಲಿಗೆ ಕುರ್ಚಿ ಅಡ್ಡ ಹಾಕಿ ಅರ್ಧ ಗಂಟೆ ಕಾವಲು ಕೂರುತ್ತಿದ್ದ. ಒಳಗೆ ಊಟ, ಹೊರಗೆ ಹಸಿದ ಹೆಂಡತಿ. ಕೊನೆಗೆ ಆಕೆ ತಮ್ಮನ ಮನೆಗೆ ಹೋಗಿ, "ನೋಡೋ, ಇವರನ್ನ ಭೂಮಿ ಒಳಗೆ ಎಲ್ಲಾದ್ರೂ ಹಾಕು. ಇಲ್ಲಾಂದ್ರೆ ನಾನೇ ಹೋಗ್ತೀನಿ ಭೂಮಿ ಒಳಗೆ" ಎಂದಳು.

ಅಷ್ಟರಲ್ಲಿ ಮುಚ್ಚಿದ ಗಣಿ ವಿಹಾರಧಾಮವಾಗಿ, ಆಕೆಯ ತಮ್ಮ ಅದರ ವ್ಯವಸ್ಥಾಪಕನಾಗಿದ್ದ. ಅದಿರು ಹೊತ್ತ ಹಳಿಯ ಮೇಲೆ ನಗುಮುಖ ಬರೆದ ಪುಟಾಣಿ ರೈಲು ಓಡುತ್ತಿತ್ತು. ಗಣಿಯ ಕಸ ಸುರಿದ ಬೂದುಗುಡ್ಡಕ್ಕೆ ಜಾರುಬಂಡೆ ಬಂದಿತ್ತು. ಕಪ್ಪೆಯೂ ಕಾಲಿಡದಿದ್ದ ಅದಿರು ತೊಳೆಯುವ ಹೊಂಡದಲ್ಲಿ ಹಂಸದ ದೋಣಿಗಳು ತೇಲುತ್ತಿದ್ದವು. ಕಾಲು ಮುರಿದವರನ್ನು ಮಲಗಿಸುತ್ತಿದ್ದ ಕೋಣೆಯಲ್ಲಿ ಐಸ್‌ಕ್ರೀಮ್ ಮಾರುತ್ತಿದ್ದರು. ಹಲಗೆಯ ಮೇಲೆ ಗಿರಿಜಾ ಮೀಸೆಯ ಗಣಿಗಾರನ ಚಿತ್ರ ಬರೆದು ಮುಖದ ಜಾಗದಲ್ಲಿ ತೂತು ಬಿಟ್ಟಿದ್ದರು. ಬಂದವರೆಲ್ಲ ಅದರಲ್ಲಿ ಮುಖ ತೂರಿಸಿ ಫೋಟೋ ತೆಗೆಸಿಕೊಂಡು, ತಾವೇ ದುಡಿದು ದಣಿದವರಂತೆ ಐಸ್‌ಕ್ರೀಮಿಗೆ ನಡೆಯುತ್ತಿದ್ದರು. ಮಾವನಿಗೆ ಇದೆಲ್ಲ ಕಣ್ಣಿಗೆ ಖಾರ ಎರಚಿದ ಹಾಗೆ. ಆದರೂ ಕೆಲಸ ಒಪ್ಪಿಕೊಂಡ. ಸುರಂಗದ ತಂಪು, ಒದ್ದೆ ಕಲ್ಲಿನ ವಾಸನೆ ಮತ್ತೆ ಸಿಗಬೇಕಾದರೆ ಬೇರೆ ದಾರಿ ಇರಲಿಲ್ಲ. ಆ ವಾಸನೆಗಾಗಿ ಅವನು ಪ್ರವಾಸಿಗರನ್ನು ಸಹಿಸಲು ಸಿದ್ಧನಿದ್ದ, ಭಾವಮೈದನನ್ನೂ.

ಸಹಿಸಲಾಗದ್ದು ಒಂದೇ ಇತ್ತು. ಸುರಂಗದ ಒಂದು ಕವಲಿಗೆ ತಂತಿಬಲೆ ಕಟ್ಟಿ, ಪ್ಲಾಸ್ಟರ್ ಮೆತ್ತಿ, ಸುಳ್ಳು ಬಂಡೆ ನಿಲ್ಲಿಸಿದ್ದರು. ಆ ಗೋಡೆಯ ಬೆನ್ನಿಗೇ ಭಾವಮೈದನ ಕಚೇರಿ. ಅಲ್ಲಿ ಅವನ ಕುರ್ಚಿಯ ಹಿಂದೆ, ಗಾಜಿನ ಚೌಕಟ್ಟಿನಲ್ಲಿ, 'ಅತ್ಯುತ್ತಮ ಕುಟುಂಬ ತಾಣ' ಎಂಬ ಪ್ರಶಸ್ತಿ ಪತ್ರ. ಗೋಡೆಯ ಈ ಬದಿ ಏಳು ಕುಳಿ ತೋಡಿ ಕೆಂಪು ಬತ್ತಿ ಇಳಿಬಿಟ್ಟಿದ್ದರು. ಬಟನ್ ಒತ್ತಿದರೆ ದೀಪ ಆರಿ, ಧ್ವನಿಪೆಟ್ಟಿಗೆಯಿಂದ ಸಿಡಿತದ ಸದ್ದು ಬರುತ್ತದೆ. ಆಮೇಲೆ ಜನರನ್ನು ಸರಪಳಿ ದಾಟಿಸಿ ಮುಂದಿನ ಗುಹೆಗೆ ಕರೆದೊಯ್ಯಬೇಕು. ಮೊದಲ ದಿನ ಮಾವ ಬಟನ್ ಒತ್ತಿದ. ಕತ್ತಲಲ್ಲಿ ಆರು ಸಲ ಢಂ ಎಂದಿತು. ದೀಪ ಹತ್ತಿತು.

"ತಾಳ್ರೀ" ಎಂದ ಮಾವ, ಸರಪಳಿಯ ಮುಂದೆ ಎರಡೂ ಕೈ ಚಾಚಿ. "ಒಂದು ಸಿಡಿದಿಲ್ಲ. ಅರ್ಧ ಗಂಟೆ."

ಮೂವತ್ತನಾಲ್ಕು ಜನ. ಅವರಲ್ಲಿ ಇಬ್ಬರು ಅಳುವ ಮಕ್ಕಳು, ಒಬ್ಬರು ತುರ್ತಾಗಿ ಹೊರಗೆ ಹೋಗಬೇಕಾದ ಹಿರಿಯರು. ಭಾವಮೈದ ಏದುಸಿರು ಬಿಡುತ್ತ ಓಡಿಬಂದ.

"ಭಾವ, ಅದು ಧ್ವನಿಪೆಟ್ಟಿಗೆ. ಒಳಗೆ ಮದ್ದಿಲ್ಲ, ಮಣ್ಣಿಲ್ಲ."

"ಗೊತ್ತು."

"ಗೋಡೆ ಬರೀ ಪ್ಲಾಸ್ಟರ್."

"ಅದೂ ಗೊತ್ತು. ಬಂಡೆ ಸುಳ್ಳು, ಮದ್ದು ಸುಳ್ಳು, ನೀನೂ ಸುಳ್ಳು. ಎಣಿಕೆ ಹೇಗಯ್ಯಾ ಸುಳ್ಳಾಗುತ್ತೆ? ಕುಳಿ ಏಳು, ಸದ್ದು ಆರು."

"ಜನ ಬೈತಿದಾರೆ, ಭಾವ."

"ಬೈಯೋಕೆ ಇನ್ನೂ ಬಾಯಿ ಇದೆಯಲ್ಲ. ಅದು ಇರ್ಲಿ ಅಂತಲೇ ತಾಳಿ ಅಂದಿದ್ದು."

ಹೀಗೆ ಮಹಾಯುದ್ಧ ಶುರುವಾಯಿತು. ಭಾವಮೈದ ಪೇಟೆಯಿಂದ ಧ್ವನಿಯವನನ್ನು ಕರೆಸಿ ಏಳನೆಯ ಸದ್ದು ಸೇರಿಸಿದ. ಮಾವ ಕಿವಿ ವಾರೆ ಮಾಡಿ ಕೇಳಿ, "ಇದು ಮೂರನೇದೇ. ಅದನ್ನೇ ಎರಡು ಸಲ ಹಾಕಿದೀಯ. ಸತ್ತವನು ಇನ್ನೊಂದು ಸಲ ಸಾಯ್ತಾನೇನಯ್ಯಾ?" ಎಂದು ಮತ್ತೆ ಅರ್ಧ ಗಂಟೆ ಕೂರಿಸಿದ. ಭಾವಮೈದ ಸಿಟ್ಟಿನಲ್ಲಿ ಅದನ್ನು ತೆಗೆಸಿಹಾಕಿದ. ಹೆಂಡತಿ, "ಆರೋ ಏಳೋ, ಕಿವಿಗೆ ಹತ್ತಿ ಇಟ್ಕೊಂಡು ಹೋಗ್ರೀ" ಎಂದಳು. ಮಾವ ಹತ್ತಿ ಇಟ್ಟುಕೊಂಡೇ ಹೋದ, ನೆಲದ ಅದುರನ್ನು ಅಂಗಾಲಿನಲ್ಲಿ ಎಣಿಸಿದ. ಅಭಿಪ್ರಾಯದ ಪುಸ್ತಕದಲ್ಲಿ ಯಾರೋ, 'ಸಿಡಿಮದ್ದಿಗಿಂತ ಈ ಮುದುಕನ ಬಾಯಿ ಅಪಾಯ' ಎಂದು ಬರೆದರು. ಮಾವ ಅದನ್ನು ಓದಿ, ಪ್ರವಾಸಿಗರಲ್ಲೂ ಒಬ್ಬ ಬುದ್ಧಿವಂತನಿದ್ದಾನೆ ಎಂದುಕೊಂಡ.

ಕೊನೆಗೆ ಭಾವಮೈದ, ಊಟಕ್ಕೆಂದು ಅಕ್ಕನ ಮನೆಗೆ ಬಂದು, ಕೈ ತೊಳೆದು, ಜೇಬಿನಿಂದ ನೋಟೀಸು ತೆಗೆದು ಭಾವನ ತಟ್ಟೆಯ ಪಕ್ಕ ಇಟ್ಟ. ಇನ್ನೊಂದೇ ಒಂದು ಸಲ ಸುರಂಗದಲ್ಲಿ ಜನರನ್ನು ತಡೆದರೆ ಕೆಲಸದಿಂದ ತೆಗೆಯಲಾಗುವುದು. ಹೆಂಡತಿ ಅದನ್ನು ಎರಡು ಸಲ ಓದಿ ಕುಕ್ಕರಿನ ಕಡೆ ನೋಡಿದಳು.

"ರೀ, ಕೈ ಮುಗಿತೀನಿ. ಈ ಅಡುಗೆಮನೆ ನನಗೊಬ್ಬಳಿಗೇ ಇರ್ಲಿ."

ಮಾವ ಒಪ್ಪಿದ, ಮನಸಾರೆ ಒಪ್ಪಿದ. ಮತ್ತೆ ಹಗಲಿಡೀ ಬೆಳಕಿನಲ್ಲಿ ಕೂರುವುದು ಅವನಿಗೂ ಬೇಡವಾಗಿತ್ತು.

ಮುಂದಿನ ವಾರ ಪ್ರಶಸ್ತಿ ಸಮಿತಿಯವರು ಮತ್ತೆ ತಪಾಸಣೆಗೆ ಬಂದರು, ಕುಟುಂಬ ಸಮೇತ. ಮುಂದೆ ಅಧ್ಯಕ್ಷೆ, ದಪ್ಪ ಕನ್ನಡಕದ ಹೆಂಗಸು. ಭಾವಮೈದ ಗಂಧದೆಣ್ಣೆ ಹಚ್ಚಿಕೊಂಡು ಬಂದಿದ್ದ, ಮಾವನಿಗೆ ಒದ್ದೆ ಕಲ್ಲಿನ ವಾಸನೆಯೂ ಸಿಗದ ಹಾಗೆ. ಮಾವ ಹಲ್ಲು ಕಚ್ಚಿಕೊಂಡು ಬಟನ್ ಒತ್ತಿದ. ಆರು ಸದ್ದು. ದೀಪ ಹತ್ತಿತು. ಮಾವನ ಕೈ ತಾನಾಗಿ ಮೇಲೆದ್ದಿತು. ಅದನ್ನು ಇನ್ನೊಂದು ಕೈಯಿಂದ ಹಿಡಿದು ಇಳಿಸಿದ.

"ಎಣಿಸಿ ಭಾವ, ಎಣಿಸಿ" ಎಂದ ಭಾವಮೈದ, ಗೆದ್ದವನ ದನಿಯಲ್ಲಿ. "ಗೋಡೆ ನೋಡ್ಕೊಂಡು ಎಣಿಸಿ."

ಮಾವ ಎಣಿಸಿದ. ಕುಳಿ ಆರೇ ಇದ್ದವು. ಏಳನೆಯದರ ಜಾಗಕ್ಕೆ ಬೆರಳಿಟ್ಟ. ಬೆರಳ ತುದಿಗೆ ಹಸಿ ಸಿಮೆಂಟು ಅಂಟಿತು.

"ಇದನ್ನ ಮುಚ್ಚಿದ್ದು ಯಾರು?"

"ನಾನೇ. ನನ್ನ ಕೈಯಾರೆ. ಇನ್ನೇನು ತಕರಾರು?"

ಭಾವಮೈದ ಇಲ್ಲಿ ತಪ್ಪಿದ. ನೆಲದ ಕೆಳಗೆ ದುಡಿಯದ ಗುಮಾಸ್ತ ಮಾತ್ರ ಮಾಡಬಲ್ಲ ತಪ್ಪು ಇದು. ಸಿಡಿಯದ ಕುಳಿಗೆ ಅರ್ಧ ಗಂಟೆಯ ಶಿಕ್ಷೆ. ಸಿಡಿಯದ ಕುಳಿಯ ಬಾಯಿ ಮುಚ್ಚಿ ಬಚ್ಚಿಟ್ಟರೆ, ನಾಳೆ ಬರುವವನು ಗೊತ್ತಿಲ್ಲದೆ ಅಲ್ಲೇ ಸಲಾಕೆ ಊರುತ್ತಾನೆ. ಗಣಿಯಲ್ಲಿ ಕಳ್ಳನನ್ನು ಕ್ಷಮಿಸುತ್ತಿದ್ದರು, ಕುಡುಕನನ್ನು ಕ್ಷಮಿಸುತ್ತಿದ್ದರು, ಇದನ್ನು ಮಾಡಿದವನ ಜೊತೆ ಯಾರೂ ಊಟಕ್ಕೆ ಕೂರುತ್ತಿರಲಿಲ್ಲ.

"ಯಾರೂ ಅಲ್ಲಾಡಬೇಡಿ" ಎಂದ ಮಾವ. ದನಿ ತಣ್ಣಗಿತ್ತು. "ಇನ್ನು ಅರ್ಧ ಗಂಟೆಗೆ ಮುಗಿಯೋ ಮಾತಲ್ಲ."

"ಭಾವ, ಇವತ್ತೇ ನಿಮಗೆ ಕೊನೆ ದಿನ."

"ಆಗ್ಲಿ. ಮೊದಲು ಇದು ಮುಗೀಲಿ."

ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡರು. "ಹಾಗಾದ್ರೆ ಈಗ ಏನು ಮಾಡ್ಬೇಕು ಅಂತೀರಿ?" ಎಂದರು. ವ್ಯಂಗ್ಯವೋ, ನಿಜವಾಗಿ ಕೇಳಿದರೋ, ಕನ್ನಡಕದ ಹಿಂದೆ ತಿಳಿಯಲಿಲ್ಲ.

"ಸಿಡಿಯದ ಕುಳೀನ ಮುಟ್ಟೋ ಹಾಗಿಲ್ಲ, ತಾಯಿ. ಒಂದು ಅಡಿ ಪಕ್ಕದಲ್ಲಿ ಹೊಸ ಕುಳಿ ಕೊರೆದು ಸಿಡಿಸಬೇಕು. ಇದೂ ಜೊತೆಗೆ ಹೋಗುತ್ತೆ."

ಗೋಡೆಯ ಪಕ್ಕ, 'ಮುಟ್ಟಬೇಡಿ' ಎಂಬ ಫಲಕದ ಕೆಳಗೆ, ಪ್ರದರ್ಶನಕ್ಕೆ ತೂಗುಹಾಕಿದ್ದ ಸಲಾಕೆ, ಸುತ್ತಿಗೆ ಇದ್ದವು. ಮಾವ ಎರಡನ್ನೂ ಇಳಿಸಿಕೊಂಡ. ಒಂದು ಅಡಿ ಅಳೆದ. ಅರವತ್ತೆಂಟು ವರ್ಷದ ತೋಳು ಮೂವತ್ತರ ಹಟದಿಂದ ಮೇಲೆದ್ದಿತು. ಮೊದಲ ಏಟಿಗೆ ಪ್ಲಾಸ್ಟರ್ ಉದುರಿತು. ಎರಡನೆಯದಕ್ಕೆ ತಂತಿಬಲೆ ಕಿರುಗುಟ್ಟಿತು. ಮೂರನೆಯದಕ್ಕೆ ಸಲಾಕೆ ಸರ್ರನೆ ಒಳಗೆ ಹೋಯಿತು, ಗೋಡೆಯ ಆ ಬದಿ ಏನೋ ಕಳಚಿ ಬಿದ್ದು, ಗಾಜು ಚೂರಾದ ಸದ್ದು ಸುರಂಗವಿಡೀ ತುಂಬಿತು.

"ಏಳು" ಎಂದ ಮಾವ. ಸಲಾಕೆಯನ್ನು ಅಲ್ಲೇ ಬಿಟ್ಟು ಸರಪಳಿ ಎತ್ತಿ ಹಿಡಿದ. "ಈಗ ಹೋಗಬಹುದು. ನೂಕಾಡಬೇಡಿ."

ಕಚೇರಿಯಲ್ಲಿ ಅತ್ಯುತ್ತಮ ಕುಟುಂಬ ತಾಣ ನೆಲದ ಮೇಲೆ ಬಕ್ಕಬೋರಲು ಬಿದ್ದಿತ್ತು. ಕುರ್ಚಿಯ ಹಿಂದೆ, ಕೂತವನ ತಲೆಯ ಮಟ್ಟಕ್ಕೆ, ಸಲಾಕೆಯ ಮೂತಿ ಇಣುಕುತ್ತಿತ್ತು. ಸಂಜೆ ಹಳದಿ ಟೋಪಿ ಮರಳಿಸಿ ಮನೆಗೆ ಬಂದ ಗಂಡನನ್ನು ಹೆಂಡತಿ ಕೇಳಿದಳು:

"ಗೋಡೆ ಹಿಂದೆ ಏನಿದೆ ಅಂತ ನಿಮಗೆ ಗೊತ್ತಿತ್ತಾ?"

"ಹೆಜ್ಜೆ ಎಣಿಸಿದ್ದೆ."

"ಯಾವಾಗ?"

"ಕೆಲಸಕ್ಕೆ ಸೇರಿದ ದಿನ."

ಮೂರು ದಿನ ಮಾವ ಮನೆಯಲ್ಲಿದ್ದ. ಮೂರು ದಿನವೂ ಕುಕ್ಕರು ಲೆಕ್ಕ ತಪ್ಪಿತು. ನಾಲ್ಕನೆಯ ಬೆಳಿಗ್ಗೆ ಹೆಂಡತಿ ಅಂಗಿ ತಂದು ಎದುರಿಗಿಟ್ಟು, "ಹಿರಿಯರಿಗೆ ಟಿಕೆಟ್ ಅರ್ಧವಂತೆ. ಹೋಗಿ, ಸಾಯಂಕಾಲದವರೆಗೆ ಬರಬೇಡಿ" ಎಂದಳು.

ಹೊಸಬರು ಯಾರೂ ಸಿಗದೆ ಅಂದು ಭಾವಮೈದನೇ ಹಳದಿ ಟೋಪಿ ಹಾಕಿಕೊಂಡು ಜನರನ್ನು ಕರೆದೊಯ್ಯುತ್ತಿದ್ದ. ಗುಂಪಿನ ಹಿಂದೆ, ಕಂಬದ ಮರೆಯಲ್ಲಿ, ಯಾರೋ ಮೂಗರಳಿಸಿ ಕಲ್ಲಿನ ವಾಸನೆ ಹೀರುತ್ತಿದ್ದುದನ್ನು ಅವನು ಗಮನಿಸಲಿಲ್ಲ. ಬಟನ್ ಒತ್ತಿದ. ಆರು ಸದ್ದು. ದೀಪ.

"ಬನ್ನಿ ಬನ್ನಿ, ಮುಂದೆ ಬನ್ನಿ."

"ಗೋಡೆಯಲ್ಲಿ ಕುಳಿ ಎಷ್ಟಿದೆ, ಎಣಿಸಿ ನೋಡಿ" ಎಂದಿತು ಹಿಂದಿನ ದನಿ.

ಜನ ಎಣಿಸಿದರು. ನಾಳೆ ಬರ್ತೀನಿ ಎಂದ ಪ್ಲಾಸ್ಟರಿನವನು ಬಂದಿರಲಿಲ್ಲ. ಹಳೆಯ ಆರರ ಜೊತೆ, ಸಿಮೆಂಟಿನ ಕಲೆಯ ಒಂದು ಅಡಿ ಪಕ್ಕದಲ್ಲಿ, ಕಚೇರಿಯ ಬೆಳಕು ಸೋರುವ ಹೊಸ ಕುಳಿಯೊಂದಿತ್ತು.

"ಏಳು" ಎಂದಳು ಮಗು ಎತ್ತಿಕೊಂಡಿದ್ದ ಒಬ್ಬ ತಾಯಿ. "ಸದ್ದು ಆರೇ ಅಲ್ವಾ ಬಂದಿದ್ದು?"

ಯಾರೂ ಕಾಲೆತ್ತಲಿಲ್ಲ.

"ಭಾವ..." ಎಂದ ಭಾವಮೈದ.

"ಭಾವ ಮನೇಲಿ. ಇಲ್ಲಿ ನಾನು ಟಿಕೆಟ್ ತಗೊಂಡು ಬಂದೋನು" ಎಂದ ಮಾವ. ಕಲ್ಲುಬೆಂಚಿನ ಮೇಲೆ ಕೂತು, ಗಡಿಯಾರ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ಒಂದು ಸಿಡಿಯದೆ ಉಳಿದರೆ ಏನಾಗುತ್ತದೆ ಎಂಬುದನ್ನು ಒಂಟಿಗಣ್ಣಿನ ಮುದುಕನಿಂದ ಶುರುಮಾಡಿ ವಿವರವಾಗಿ ಹೇಳಿದ. ಪ್ರಶ್ನೆ ಕೇಳಿದವರಿಗೆಲ್ಲ ಬೈದ. ಇಪ್ಪತ್ತೊಂಬತ್ತನೆಯ ನಿಮಿಷಕ್ಕೆ ಭಾವಮೈದ ರೋಸಿಹೋಗಿ ಸರಪಳಿಯ ಆಚೆ ಒಂದು ಕಾಲಿಟ್ಟ.

"ತಾಳ್ರೀ" ಎಂದು ಇಡೀ ಗುಂಪು ಗದರಿತು.

ಅವನು ಕಾಲು ಹಿಂದಕ್ಕೆ ಎಳೆದುಕೊಂಡ.