ಹೆಲೆನಾ ದೀದಿ ಕಲಿತ ಸುಳ್ಳು

ನಮ್ಮ ಅಡುಗೆಮನೆಯ ಬಾಗಿಲಿಗೆ ತಲೆ ಬಡಿದರೆ ಹೆಲೆನಾ ದೀದಿ ಮೊದಲು ಬಾಗಿಲಿಗೆ "ಸಾರಿ" ಅನ್ನುತ್ತಿದ್ದರು. ಆಮೇಲೆ ಹಣೆ ಉಜ್ಜಿಕೊಳ್ಳುತ್ತಿದ್ದರು. ಪೋಲೆಂಡ್ ದೇಶದ ಹೆಂಗಸು, ಐವತ್ತು ದಾಟಿದ ವಯಸ್ಸು, ಆಂಟಾಪ್ ಹಿಲ್‌ನ ಯಾವ ಬಾಗಿಲಿಗೂ ಹೊಂದದ ಎತ್ತರ. ದಿನಾ ಬೆಳಿಗ್ಗೆ ಒಂದು ಸಲ ಹಣೆ ಬಡಿಸಿಕೊಳ್ಳಲೇಬೇಕು. ಅದನ್ನು ನೋಡಿ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು.

ನನಗೆ ಹೊಟ್ಟೆ ಉರಿಯುತ್ತಿದ್ದದ್ದು ಅಲ್ಲೇ. ಆ ಮಕ್ಕಳು ಸುಲಭಕ್ಕೆ ನಗುವ ಮಕ್ಕಳಲ್ಲ. ಹೊಟ್ಟೆಗೆ ಸಾಲದೆ ಸೊರಗಿದ ಮಕ್ಕಳಿಗಾಗಿಯೇ ಇದ್ದ ಕೇಂದ್ರ ನಮ್ಮದು. ಸಾಲುಕೋಣೆಗಳ ಒಂದು ಹಳೇ ಚಾಳಿನ ಕೆಳಗಡೆ ಎರಡು ಕೋಣೆ, ಮುಂದೆ ಒಂದು ಅಂಗಳ. ಕಟ್ಟಡದ ಕೆಲಸಕ್ಕೆ ಹೋಗುವ ಕಲಬುರಗಿ ಕಡೆಯ ತಾಯಂದಿರು ಬೆಳಿಗ್ಗೆ ಮಕ್ಕಳನ್ನು ತಂದು ಬಿಡುತ್ತಿದ್ದರು. ನಾನು ಅಲ್ಲಿ ಅಡುಗೆಯವನು. ಅರಸೀಕೆರೆಯಿಂದ ಬಂದು ಫೋರ್ಟ್‌ನ ಹೋಟೆಲ್‌ನಲ್ಲಿ ದೋಸೆ ಕಲ್ಲಿನ ಮುಂದೆ ವರ್ಷಗಟ್ಟಲೆ ನಿಂತು, ಮೀಸೆ ನರೆಯುವ ಹೊತ್ತಿಗೆ ರಾತ್ರಿ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಆಮೇಲೆ ಈ ಕೆಲಸಕ್ಕೆ ಸೇರಿದವನು. ರಾಗಿ ಗಂಜಿ, ಹೆಸರುಬೇಳೆ ಖಿಚಡಿ, ಅದರ ಮೇಲೆ ಹುರಿದ ಶೇಂಗಾಪುಡಿ. ಮಕ್ಕಳು ನನ್ನನ್ನು ಶಿವು ಮಾಮಾ ಅನ್ನುತ್ತಿದ್ದವು. ತಿನ್ನದ ಮಗುವನ್ನು ತಿನ್ನಿಸಬೇಕಾದರೆ ಎಲ್ಲರೂ ನನ್ನನ್ನೇ ಕರೆಯುತ್ತಿದ್ದರು.

ಆ ತಾಯಂದಿರಲ್ಲೊಬ್ಬಳಾದ ಯಲ್ಲವ್ವನ ಮಗಳು ರೇಣುಕಾಳಂತೂ ನನ್ನ ಕೈಯಿಂದ ಬಿಟ್ಟರೆ ಬೇರೆಯವರ ಕೈಯಿಂದ ತಿನ್ನುತ್ತಿರಲಿಲ್ಲ. ಎರಡು ವರ್ಷದ ಮಗು, ತೋಳು ನೋಡಿದರೆ ನನ್ನ ಸೌಟಿನ ಹಿಡಿಯಷ್ಟು. ಗೋಡೆಯ ಮೇಲಿನ ಕಾಗೆಗಳಿಗೆ ಒಂದೊಂದು ಹೆಸರಿಟ್ಟು, ಅವುಗಳ ಮನೆ ಜಗಳ ಹೇಳುತ್ತಾ ತುತ್ತು ಇಡುತ್ತಿದ್ದೆ. ಬಾಯಿ ತೆರೆದರೆ ತೆರೆದಳು, ಇಲ್ಲದಿದ್ದರೆ ಇಲ್ಲ. ಹೇಗೋ ಅರ್ಧ ಬಟ್ಟಲು ಹೋಗುತ್ತಿತ್ತು.

ದೀದಿ ಮಕ್ಕಳನ್ನು ನೋಡಿಕೊಳ್ಳಲು ಕೇಂದ್ರಕ್ಕೆ ಬಂದ ವಾರದಲ್ಲೇ ಒಂದು ಬೆಳಿಗ್ಗೆ ಬಾಗಿಲಿಗೆ ಹಣೆ ಬಡಿಸಿಕೊಂಡರು. ರೇಣುಕಾ ಬಾಯಿ ಅಗಲಿಸಿ ನಕ್ಕಳು. ದೀದಿ ತಟ್ಟನೆ ನನ್ನ ಕೈಯಿಂದ ಚಮಚ ತಗೊಂಡು ಆ ಬಾಯೊಳಗೆ ಗಂಜಿ ಇಟ್ಟರು. ಮಗು ನುಂಗಿತು. ದೀದಿ ಎದ್ದು ಹೋಗಿ ಮತ್ತೆ ಬಡಿಸಿಕೊಂಡರು, ಈ ಸಲ ಬೇಕಂತಲೇ. ಬಟ್ಟಲು ಖಾಲಿಯಾಗುವ ಹೊತ್ತಿಗೆ ಅವರ ಹಣೆ ಕೆಂಪಾಗಿತ್ತು. ಅವತ್ತಿನಿಂದ ನನ್ನ ಕಾಗೆಗಳಿಗೂ ನನಗೂ ಕೆಲಸ ಇಲ್ಲ.

ಮನೆಯಲ್ಲಾದರೂ ನೆಮ್ಮದಿ ಇತ್ತೇ ಅಂದರೆ ಅದೂ ಇಲ್ಲ. ದೀದಿ ನಾವಿದ್ದ ಚಾಳಿನ ತುದಿಯ ಕೋಣೆಯಲ್ಲೇ ಬಾಡಿಗೆಗೆ ಇದ್ದರು. ಮೊದಮೊದಲು ನಲ್ಲಿಯ ಹತ್ತಿರ ಎಲ್ಲರಿಗೂ ದಾರಿ ಬಿಟ್ಟು ಬಿಟ್ಟು, ಅವರ ಸರದಿ ಬರುವಾಗ ನೀರೇ ನಿಂತುಹೋಗಿರುತ್ತಿತ್ತು. ಲೋಕಲ್ ರೈಲು ಬಂದರೂ ಅಷ್ಟೇ. ಎಲ್ಲರೂ ಹತ್ತಲಿ ಅಂತ ಕಾಯುತ್ತಿದ್ದರು, ಗಾಡಿ ಹೊರಟುಹೋಗುತ್ತಿತ್ತು. ನನ್ನ ಹೆಂಡತಿ ಸುಮಿತ್ರಾ ದೀದಿಯ ಬಕೆಟ್ಟನ್ನು ತನ್ನ ಬಕೆಟ್ಟಿನ ಹಿಂದೆಯೇ ಇಟ್ಟು ಕಾಯತೊಡಗಿದಳು, ಮೊಣಕೈ ಹೇಗೆ ಬಳಸಬೇಕು ಅಂತಲೂ ಕಲಿಸಿದಳು. ರಾತ್ರಿ ನಮ್ಮಲ್ಲಿ ಸಾರನ್ನ ತಿನ್ನಲು ಕೂತರೆ ದೀದಿಯ ಮೊಣಕೈವರೆಗೂ ಸಾರು ಇಳಿಯುತ್ತಿತ್ತು. ಆದರೂ ಕಣ್ಣು ಮುಚ್ಚಿ ಚಪ್ಪರಿಸುತ್ತಿದ್ದರು, ಸುಮಿತ್ರಾಳ ಮುಖ ಅರಳುತ್ತಿತ್ತು. ಅಷ್ಟು ವರ್ಷ ಹೋಟೆಲಿನಲ್ಲಿ ದುಡಿದ ನಾನು ಸಾರು ಚೆನ್ನಾಗಿದೆ ಅಂದರೆ ಇವಳು ಇನ್ನೇನು ಬೇಕು ಹೇಳಿ ಅನ್ನುತ್ತಾಳೆ.

ಎಲ್ಲರಿಗೂ ಬೇಕಾದ ಆ ದೀದಿ ಒಂದು ತೂಕದ ದಿನ ಎಡವಿದರು. ನಮ್ಮಲ್ಲಿ ತೂಕದ ದಿನ ಯಾರೂ ಜಾಸ್ತಿ ಮಾತಾಡುವುದಿಲ್ಲ. ಮಗುವನ್ನು ಜೋಲಿಯಲ್ಲಿ ಕೂರಿಸಿ ತೂಕದ ಕಾಟಾಕ್ಕೆ ನೇತುಹಾಕಿದಾಗ ತಾಯಿ ಇನ್ನೆಲ್ಲೋ ನೋಡುತ್ತಿರುತ್ತಾಳೆ. ತೂಕ ಏರಿದ್ದರೆ ನಾನು ಒಂದು ಸಲ ತಲೆ ಆಡಿಸುತ್ತೇನೆ, ಅಷ್ಟೇ. ಅವತ್ತು ರೇಣುಕಾಳನ್ನು ತೂಗಿದಾಗ ಮುಳ್ಳು ಮೊದಲ ಸಲ ಚೆನ್ನಾಗಿ ಮೇಲಕ್ಕೆ ಹೋಯಿತು. ದೀದಿಗೆ ತಡೆಯಲಾಗಲಿಲ್ಲ. ಮಗುವನ್ನು ಅಂಗಳದ ನಡುವೆ ತಲೆಯ ಮೇಲೆತ್ತಿ, "ದೇಖೋ, ಕಿತನೀ ಮೋಟೀ ಹೋ ಗಯೀ" ಅಂತ, ಎಷ್ಟು ದಪ್ಪ ಆಗಿದ್ದಾಳೆ ನೋಡಿ ಅಂತ, ಹಿಂದಿಯಲ್ಲಿ ಕೂಗಿದರು. ಚಪ್ಪಾಳೆ ತಟ್ಟಿಸಿದರು, ಫೋಟೋ ತೆಗೆದರು.

ಯಲ್ಲವ್ವ ಮಗುವನ್ನು ಕಿತ್ತುಕೊಂಡು ಮೂರು ಸಲ ಥೂ ಥೂ ಅಂತ ಉಗಿದು ನಡೆದೇಬಿಟ್ಟಳು. ಮಾರನೇ ದಿನ ರೇಣುಕಾಗೆ ಜ್ವರ ಅಂತ ಸುದ್ದಿ ಬಂತು. ಆಮೇಲೆ ಅವಳು ಬರಲಿಲ್ಲ, ಅಕ್ಕಪಕ್ಕದ ತಾಯಂದಿರೂ ಮಕ್ಕಳನ್ನು ಕಳಿಸಲಿಲ್ಲ. ದೀದಿ ಗಂಜಿಯ ಬಟ್ಟಲು ಹಿಡಿದು ಹೊಸ್ತಿಲಲ್ಲಿ ಕೂತು ಗಲ್ಲಿಯನ್ನೇ ನೋಡುತ್ತಿದ್ದರು. ಏನಾಯಿತು ಅಂತ ನನ್ನನ್ನು ಕೇಳಿದರು. ಗೊತ್ತಿಲ್ಲ ಅಂದೆ. ಒಳಗೊಳಗೇ ಹಿತವಾಗಿತ್ತು.

ಒಂದು ಸಂಜೆ ನಾನೊಬ್ಬನೇ ಡಬ್ಬಿಯಲ್ಲಿ ಗಂಜಿ ತುಂಬಿಕೊಂಡು ಯಲ್ಲವ್ವನ ಖೋಲಿಗೆ ಹೋದೆ. ಮಗುವನ್ನು ನಾನೇ ವಾಪಸ್ ಕರಕೊಂಡು ಬರಬೇಕು ಅಂತಿತ್ತು. ಜ್ವರ ಬಿಟ್ಟಿತ್ತು, ಆದರೆ ರೇಣುಕಾ ಬಾಡಿಹೋಗಿದ್ದಳು, ಅಷ್ಟು ದಿನದಲ್ಲಿ ಏರಿದ ತೂಕವೆಲ್ಲ ಇಳಿದುಹೋಗಿತ್ತು. ಏನೂ ತಿನ್ನುತ್ತಿಲ್ಲ ಅಂದಳು ಯಲ್ಲವ್ವ. ನಾನು ಕಾಗೆಗಳನ್ನೆಲ್ಲ ಕರೆದೆ. ಜಗಳ ಹೇಳಿದೆ, ಮದುವೆ ಹೇಳಿದೆ. ಮಗು ತುಟಿ ಬಿಚ್ಚಲಿಲ್ಲ. ಬಾಗಿಲ ಕಡೆ ನೋಡಿ, ತನ್ನ ಪುಟ್ಟ ಅಂಗೈಯಿಂದ ಹಣೆ ಬಡಿದುಕೊಂಡಿತು. ಮತ್ತೆ ಬಾಗಿಲು ನೋಡಿತು.

ಡಬ್ಬಿ ಮುಚ್ಚಿ ಎದ್ದು ಬಂದೆ. ದಾರಿಯುದ್ದಕ್ಕೂ ಹೊಟ್ಟೆ ಉರಿಯುತ್ತಲೇ ಇತ್ತು. ಆದರೆ ಆ ತೋಳು ಕಣ್ಣಮುಂದೆ ಇತ್ತಲ್ಲ. ಸೀದಾ ದೀದಿಯ ಕೋಣೆಗೆ ಹೋದೆ. ನನ್ನ ಹಿಂದಿ, ಅವರ ಹಿಂದಿ, ಎರಡೂ ಕುಂಟುವಂಥವು. ಬೆಳೆಯೋ ಮಗುವನ್ನು ಬೆಳೆದಿದೆ ಅಂತ ಬಾಯಿಬಿಟ್ಟು ಹೇಳಬಾರದು, ದೃಷ್ಟಿಯಾಗುತ್ತೆ ಅಂತ ಹೇಗೋ ತಿಳಿಸಿದೆ. ಹಾಗಾದರೆ ಏನು ಹೇಳಬೇಕು ಅಂತ ದೀದಿ ಕೇಳಿದರು.

"ಸಣಕಲು ಅನ್ನಿ," ಅಂದೆ. "ಎಷ್ಟು ತಿಂದ್ರೂ ಅಷ್ಟೇ, ಸಣಕಲು ಅನ್ನಿ."

ಅವರು ಆ ಮಾತನ್ನು ಬಾಯಲ್ಲಿ ಹೊರಳಿಸಿ ಹೊರಳಿಸಿ ಕಲಿತರು. ಬೆಳಿಗ್ಗೆ ನನ್ನ ಜೊತೆ ಬಂದು ಯಲ್ಲವ್ವನ ಹೊಸ್ತಿಲ ಹೊರಗೆ ಕುಕ್ಕುರುಗಾಲಲ್ಲಿ ಕೂತು, ಮಗುವಿನ ಕಡೆ ನೋಡದೆ, ತಲೆ ತಗ್ಗಿಸಿ ಅಪ್ಪಟ ಕನ್ನಡದಲ್ಲಿ, "ಸಣಕಲು. ಏನೂ ಇಲ್ಲ. ಸಣಕಲು," ಅಂದರು.

ಯಲ್ಲವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಇಷ್ಟು ಎತ್ತರದಾಕಿ ಸುಳ್ಳು ಹೇಳಾಕ ಬಂದು ಕುಂತಾಳ ನೋಡಣ್ಣಾ," ಅಂದಳು. ಆಮೇಲೆ ದೀದಿಗೆ, "ಒಳಗ ಬಾರವ್ವಾ. ಬಾಗ್ಲಾ ನೋಡಿ ಬಾ," ಅಂದಳು.

ದೀದಿ ನೋಡಿ ಬರಲಿಲ್ಲ. ಹಣೆ ಬಡಿಸಿಕೊಂಡೇ ಒಳಗೆ ಹೋದರು. ರೇಣುಕಾ ಬಾಯಿ ತೆರೆದಳು.

ಅಲ್ಲಿಂದ ಮುಂದೆ ತೂಕದ ದಿನ ಅಂಗಳದಲ್ಲಿ ದೀದಿಯ ದನಿಯೇ ದನಿ. ಮುಳ್ಳು ಮೇಲೆ ಹೋದಷ್ಟೂ ಮುಖ ಗಂಟಿಕ್ಕಿ, "ಸಣಕಲು, ಬೇಕಾರ್" ಅಂತ ಬೈಯುತ್ತಿದ್ದರು. ತಾಯಂದಿರು ಒಬ್ಬರ ಮೇಲೊಬ್ಬರು ಬಿದ್ದು ತಮ್ಮ ಮಕ್ಕಳನ್ನು ಅವರ ಕೈಯಲ್ಲಿ ಬೈಸುತ್ತಿದ್ದರು. ಕಲಿಸಿದವನು ನಾನು ಅಂತ ಯಾರಿಗೂ ನೆನಪಿರಲಿಲ್ಲ.

ವೀಸಾ ಮುಗಿದು ಅವರು ಹೊರಡುವ ದಿನ ಯಲ್ಲವ್ವ ಕೆಲಸಕ್ಕೆ ಹೋಗದೆ ಬಂದಳು. ದೀದಿ ಇಲ್ಲಿ ಬಂದಾಗಿನಿಂದ ಇಳಿದುಹೋಗಿದ್ದಾರೆ, ಯಾರದೋ ಕಣ್ಣು ಬಿದ್ದಿದೆ, ಹಾಗೇ ಕಳಿಸುವುದು ಬೇಡ ಅಂದಳು. ಸ್ಟೂಲಿನ ಮೇಲೆ ಕೂರಿಸಿ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ತಂದು ನನ್ನ ಒಲೆಗೆ ಹಾಕಿದಳು. ಮೆಣಸಿನಕಾಯಿ ಕಪ್ಪಗಾಯಿತು. ನಾವೆಲ್ಲ ಕೆಮ್ಮಲು ತಯಾರಾಗಿ ನಿಂತೆವು. ಕೆಮ್ಮು ಬರಲಿಲ್ಲ.

"ಘಾಟ ಬರವಲ್ದು ನೋಡು," ಅಂದಳು ಯಲ್ಲವ್ವ. "ಭಾಳ ದೊಡ್ಡ ಕಣ್ಣು ಬಿದ್ದಿತ್ತು."

ನಾನು ಗಂಜಿ ತಳ ಹಿಡಿಯದಂತೆ ತಿರುವುತ್ತಿದ್ದೆ. ತಲೆ ಎತ್ತಲಿಲ್ಲ. ದೀದಿ ನನ್ನ ಹತ್ತಿರ ಬಂದು, ಸೌಟು ಹಿಡಿದ ನನ್ನ ಕೈಯನ್ನು ಸೌಟಿನ ಸಮೇತ ಎರಡೂ ಕೈಯಲ್ಲಿ ಹಿಡಿದುಕೊಂಡು, "ಶಿವು ಮಾಮಾ," ಅಂದರು. ಹೊರಡುವಾಗ ಬಾಗಿಲಲ್ಲಿ ಬಗ್ಗಿ ಹೋದರು. ಅದೊಂದೇ ಸಲ ಅವರಿಗೆ ಬಡಿಯಲಿಲ್ಲ.

ರೇಣುಕಾ ಈಗ ಶಾಲೆಗೆ ಹೋಗುತ್ತಾಳೆ. ದೀದಿ ಆಫ್ರಿಕಾದ ಯಾವುದೋ ದೇಶದಲ್ಲಿ ಇಂಥದೇ ಕೇಂದ್ರದಲ್ಲಿದ್ದಾರಂತೆ. ಮೊನ್ನೆ ಫೋನಿಗೆ ಒಂದು ಫೋಟೋ ಕಳಿಸಿದ್ದರು. ಅವರ ಮಡಿಲಲ್ಲಿ ಕೆನ್ನೆ ತುಂಬಿದ ಒಂದು ಮಗು. ಅದರ ಕಿವಿಯ ಹಿಂದೆ ಕಾಡಿಗೆಯ ಬೊಟ್ಟು. ಆ ಊರಿನಲ್ಲಿ ಬೊಟ್ಟು ಇಡುವ ಪದ್ಧತಿ ಇದೆಯೋ ಇಲ್ಲವೋ, ಇದು ಇಲ್ಲಿಂದಲೇ ಹೋದದ್ದು. ಹಿಂದೆ, ತಗ್ಗಾದ ಒಂದು ಬಾಗಿಲಿನ ಪಕ್ಕ, ಸೌಟು ಹಿಡಿದ ಒಬ್ಬ ಮನುಷ್ಯ ನಿಂತಿದ್ದಾನೆ. ಎಲ್ಲರೂ ನಗುತ್ತಿದ್ದಾರೆ, ಅವನೊಬ್ಬ ನಗುತ್ತಿಲ್ಲ.

ಆ ಮನುಷ್ಯನ ಮುಖವನ್ನೇ ತುಂಬ ಹೊತ್ತು ನೋಡಿದೆ. ಅವನಿಗಾದರೂ ದೀದಿ ದಿನಾ ಎದುರಿಗೆ ಇದ್ದಾರೆ. ಆಮೇಲೆ ಒಂದೊಂದೇ ಅಕ್ಷರ ಹುಡುಕಿ ಒತ್ತಿ, "ಸಣಕಲು" ಅಂತ ಬರೆದು ಕಳಿಸಿದೆ.