ಊರು ಕೇಳದೆ ಕೊಟ್ಟ ಮನೆ

ನಮ್ಮ ಮಾಳಿಗೆಯ ಮನೆಯಲ್ಲಿ ಬಾಡಿಗೆಗಿರುವ ಗೀತಾಗೆ ರೊಟ್ಟಿ ಬಡಿಯಲು ಬರುವುದಿಲ್ಲ. ಅಂಗಡಿಯಿಂದ ಖಡಕ್ ರೊಟ್ಟಿ ತರುವಾಗೊಮ್ಮೆ ಅವಳೇ ನಗುತ್ತ ಹೇಳಿದ್ದಳು. ಹಾಗಿದ್ದರೆ ಹೋದ ತಿಂಗಳು ಒಂದು ಬೆಳಿಗ್ಗೆ ಮೇಲೆ ಟಪಟಪ ಟಪಟಪ ಎಂದು ರೊಟ್ಟಿ ಬಡಿಯುತ್ತಿದ್ದವರು ಯಾರು?

ಅದು ಕಲಿಯುವವರ ಕೈಯಲ್ಲ. ಒಂದೇ ಹದ, ಒಂದೇ ಓಟ. ನಾನು ಕೆಳಗೆ ದೋಸೆ ತಿರುವುವುದು ಬಿಟ್ಟು ಸೂರು ನೋಡುತ್ತ ನಿಂತೆ. (ದೋಸೆ ಸೀದಿತು.)

ಇರಿ, ಮೊದಲಿನಿಂದ ಹೇಳುತ್ತೇನೆ.

ಶಿರಸಿಯಲ್ಲಿ ಈ ಮನೆ ಕೊಂಡಾಗ ಕೆಳಗೆ ನಾವಿದ್ದು ಮೇಲಿನದನ್ನು ಬಾಡಿಗೆಗೆ ಕೊಡುವುದು ಅಂತ ಲೆಕ್ಕ ಹಾಕಿದ್ದೆವು. ಮನೆ ಕೊಳ್ಳುವವರಿಗೆ ನನ್ನದೊಂದು ಪುಕ್ಕಟೆ ಸಲಹೆ. ಈ ಕಡೆ ಮನೆ ನೋಡುವುದಿದ್ದರೆ ಆಷಾಢದಲ್ಲಿ ನೋಡಿ. ಫೆಬ್ರವರಿಯಲ್ಲಿ ಎಲ್ಲ ಮನೆಯ ಗೋಡೆಯೂ ಒಣಗಿಯೇ ಇರುತ್ತದೆ. (ನಾವು ನೋಡಿದ್ದು ಫೆಬ್ರವರಿಯಲ್ಲಿ.) ಬಾವಿಯನ್ನು ಮಾತ್ರ ಏಪ್ರಿಲ್‌ನಲ್ಲಿ ಬಗ್ಗಿ ನೋಡಬೇಕು. (ನಾವು ನೋಡಲೇ ಇಲ್ಲ.)

ಗೋಡೆ, ಬಾವಿ ಹೇಗೋ ಸಂಭಾಳಿಸಬಹುದು. ನಮ್ಮ ಮನೆಯವರನ್ನು ಸಂಭಾಳಿಸುವುದು ಹೇಗೆ?

ನಮ್ಮ ಕಡೆಯವರ ಚಾಳಿ ನಿಮಗೆ ಗೊತ್ತೇ ಇದೆ. ಹೊಸಬರು ಮೆಟ್ಟಿಲು ಹತ್ತುವುದರೊಳಗೆ "ಯಾವ ಕಡೆ ಆತು?" ಅಂತ ಕೇಳಬೇಕು. ಮೊದಲ ಬಾಡಿಗೆದಾರ "ಸಿದ್ದಾಪುರದ ಬದಿ" ಅಂದ. ಸಿದ್ದಾಪುರದಲ್ಲಿ ಎಲ್ಲಿ? ಯಾರ ಮನೆ? ಅಜ್ಜನಮನೆ ಎಲ್ಲಿ? ಕಾಫಿ ಆರುವುದರೊಳಗೆ ಇವರು ಎದ್ದು ನಿಂತು ಘೋಷಿಸಿದರು. "ಹಂಗಾರೆ ನೀನು ಯಂಗೆ ಬಾವ ಆಗವು!"

ಮುಗಿಯಿತಲ್ಲ ಕಥೆ. ನಾನು ಎಗ್ರಿಮೆಂಟ್ ಅಂತ ಬಾಯಿ ತೆರೆದರೆ, "ಬಾವನ ಹತ್ರ ಎಗ್ರಿಮೆಂಟಾ? ಎಂತ ಹೇಳ್ತೆ ಮಾರಾಯ್ತಿ ನೀನು!" ಬಾವ ಹಾಲ್ ತುಂಬ ಅಡಿಕೆ ಚೀಲ ಪೇರಿಸಿದ. ಮೇಲಿನ ಮನೆಯ ಪಕ್ಕದ ಬಯಲು ತಾರಸಿಯ ಮೇಲೆ ಗೂಟ ಹೊಡೆದು ಶೀಟು ಕಟ್ಟಿದ. ಮಳೆಗಾಲದಲ್ಲಿ ಅದೇ ಗೂಟದ ತೂತಿನಿಂದ ನಮ್ಮ ದೇವರ ಕೋಣೆಗೆ ನೀರಿಳಿಯಿತು. ಹೇಳೋಣವೆಂದು ಮೇಲೆ ಹೋದರೆ "ಬಾ ಅಕ್ಕಯ್ಯ, ಆಸರಿಗೆ ಎಂತ ಮಾಡಲಿ?" ಅಂತ ಬೆಲ್ಲ, ನೀರು ತಂದಿಡುತ್ತಿದ್ದ. ಬೆಲ್ಲ ತಿಂದ ಬಾಯಲ್ಲಿ ಜಗಳ ಹೇಗೆ ಆಡುವುದು?

ಅವನು ಬಿಟ್ಟು ಹೋದ ಮೇಲೆ ಯಲ್ಲಾಪುರದ ನನ್ನ ಅಕ್ಕನ ಸಲಹೆ ಕೇಳಿದೆ. ಅವಳು ಸಾಲು ಮನೆ ಕಟ್ಟಿಸಿ ಬಾಡಿಗೆ ಕೊಟ್ಟು ಪಳಗಿದವಳು. "ಬಾಡಿಗೆಯವರ ಹತ್ರ ಊರು ಕೇಳಡಿ, ಮನೆ ಕೇಳಡಿ. ಕೇಳಿದ್ರೆ ಮುಗತ್ತು!" ಅಂದಳು. ಇನ್ನು ಯಾರ ಊರನ್ನೂ ಕೇಳುವುದಿಲ್ಲ ಎಂದು ಗಂಡನಿಂದ ದೇವರ ಮುಂದೆ ಮಾತು ತೆಗೆದುಕೊಂಡೆ.

ಆಮೇಲೆ ಬಂದವಳು ಗೀತಾ. ಇಲ್ಲೊಂದು ಲ್ಯಾಬ್‌ನಲ್ಲಿ ಕೆಲಸ, ಮಾತಿನಲ್ಲಿ ಬಯಲುಸೀಮೆಯ "ರೀ". ಎಗ್ರಿಮೆಂಟ್ ಆಯಿತು. ಬೇಸಿಗೆಯಲ್ಲಿ ಬಾವಿ ತಳ ಕಾಣುವುದರಿಂದ "ಒಬ್ಬರೇ ಇರಬೇಕು" ಅಂತ ನಾನೇ ಬರೆಸಿದೆ. ಇವರು ಪಾಪ, ತುಟಿ ಕಚ್ಚಿ ಕುಳಿತಿದ್ದರು. ಅವಳು ಹೋದ ಮೇಲೆ "ಆನು ಒಂದು ಮಾತೂ ಕೇಳಿದ್ನಿಲ್ಲೆ, ನೋಡು!" ಅಂತ ಎದೆ ಉಬ್ಬಿಸಿದರು. ಎದುರಿಗೆ ಸಿಕ್ಕರೆ ಎಲ್ಲಿ ಬಾಯಿ ತಪ್ಪುತ್ತದೋ ಎಂದು ಅವಳನ್ನು ಕಂಡ ಕೂಡಲೇ ಮುಖ ತಿರುಗಿಸಿ ದಾಸವಾಳದ ಗಿಡ ನೋಡುತ್ತಿದ್ದರು.

ಈ ಬೇಸಿಗೆಯಲ್ಲಿ ಇನ್ನೊಂದು ಸೋಜಿಗ. ಮೇಲಿನ ಮನೆಯ ಟ್ಯಾಂಕಿಗೆ ದಿನಾ ಮೋಟರ್ ಹಾಕುವವಳು ನಾನು. ಕೆಲ ದಿನಗಳಿಂದ ಹಾಕಿದ ಕೂಡಲೇ ತುಂಬಿ ಹರಿಯುತ್ತಿತ್ತು. ಹುಡುಗಿ ನೀರು ಉಳಿಸುತ್ತಿದ್ದಾಳೆ ಅಂತ ಖುಷಿಪಟ್ಟೆ.

ಅಷ್ಟರಲ್ಲಿ ಈ ರೊಟ್ಟಿ ಸದ್ದು.

ಗೀತಾ ಕೆಲಸಕ್ಕೆ ಹೋದಮೇಲೂ ಮೇಲೆ ಪಾತ್ರೆ ಸರಿದ ಸಪ್ಪಳ. ಹತ್ತಿ ಹೋಗಿ ಬಾಗಿಲು ತಟ್ಟಿದೆ. ಸಪ್ಪಳ ಗಪ್ ಅಂತ ನಿಂತಿತು. ಮತ್ತೆ ತಟ್ಟಿದೆ. ಬಳೆಯ ಒಂದು ಚಿಕ್ಕ ಸದ್ದು, ಆಮೇಲೆ ಏನೂ ಇಲ್ಲ. ಬಾಗಿಲ ಆಚೆ ಯಾರೋ ಉಸಿರು ಬಿಗಿಹಿಡಿದು ನಿಂತಿದ್ದಾರೆ. ನನಗೆ ಹೆದರಿ! ಮೆಟ್ಟಿಲು ಹತ್ತುವಾಗ ಇದ್ದ ಸಿಟ್ಟು ಇಳಿಯುವಾಗ ಇರಲಿಲ್ಲ. ನಾಚಿಕೆಯಾಯಿತು, ಸುಳ್ಳು ಯಾಕೆ ಹೇಳಲಿ.

ಸಂಜೆ ಗೀತಾ ತಾನಾಗಿಯೇ ಕೆಳಗೆ ಬಂದು ಬಾಗಿಲಲ್ಲೇ ಅತ್ತಳು.

"ತಪ್ಪಾತ್ರಿ ಅಕ್ಕಾರ. ನಮ್ಮವ್ವ ಬಂದಾಳ್ರಿ. ಊರಾಗ ನಾವಿದ್ದದ್ದೂ ಬಾಡಿಗಿ ಮನಿ. ಓನರ್ ಮಾರಿ ಬಿಟ್ರು, ಖಾಲಿ ಮಾಡ್ರಿ ಅಂದ್ರು. ನನ್ನ ಬಿಟ್ರ ಅಕಿಗೆ ಯಾರದಾರ್ರಿ? ಬ್ಯಾರೆ ಮನಿ ಹುಡುಕಾಕತ್ತೀನಿ, ಸ್ವಲ್ಪ ಟೈಮ್ ಕೊಡ್ರಿ. ಅಲ್ಲಿ ಮಟಾ ಹೊರಗ ಹಾಕಬ್ಯಾಡ್ರಿ."

"ಒಂದು ಮಾತು ಹೇಳುವುದಲ್ಲವೇನೇ?"

"ಹೆಂಗ ಹೇಳ್ಲಿರಿ? ನೀವು ಯಾವೂರು, ಮನ್ಯಾಗ ಯಾರದಾರ ಅಂತ ಒಂದಿನ ಕೇಳ್ಲಿಲ್ಲ. ಸಾಹೇಬ್ರಂತೂ ನನ್ನ ನೋಡಿದ್ರ ಮಾರಿ ತಿರುವಿ ನಿಲ್ತಾರ. ಭಾಳ ಸಿಟ್ಟಿನ ಮಂದಿ ಅಂತ ತಿಳದ್ದೆ."

ಸಾಹೇಬರು ನನ್ನ ಬೆನ್ನ ಹಿಂದೆಯೇ ಇದ್ದರು. ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆನೋ ಇಲ್ಲವೋ, ಅಣೆಕಟ್ಟು ಒಡೆಯಿತು.

"ನಿಮ್ಮದು ಯಾವ ಊರಾಯ್ತು ತಂಗಿ?"

ಉತ್ತರಕ್ಕೂ ಕಾಯದೆ ದಡದಡ ಮೇಲೆ ಹತ್ತಿದರು. ನಾನೂ ಗೀತಾಳೂ ಹಿಂದೆಯೇ ಓಡಿದೆವು. ಒಳಗೆ ಗೋಡೆಗೊರಗಿ ಕುಳಿತಿದ್ದ ಗೀತಾಳ ಅವ್ವ ಫಕೀರವ್ವ ಗಾಬರಿಯಿಂದ ಎದ್ದು ಸೆರಗು ಹೊದ್ದಳು. ಅಂಥಾ ಗಾಬರಿಯಲ್ಲೂ ಅವಳ ಬಾಯಿಂದ ಬಂದದ್ದು "ಬರ್ರಿ, ಕುಂದರ್ರಿ" ಅಂತಲೇ. ನಮ್ಮ ಮನೆಯಲ್ಲಿ ನಮಗೆ ಉಪಚಾರ! ಮೂಲೆಯಲ್ಲಿ ಒಂದು ಬಕೆಟ್ ಇತ್ತು. ಅಕ್ಕಿ ತೊಳೆದ ನೀರು ಅದಕ್ಕೆ, ಅದರಲ್ಲಿ ಪಾತ್ರೆ, ಉಳಿದದ್ದು ಬಾಲ್ಕನಿಯ ಕೊತ್ತಂಬರಿಗೆ. ಇಬ್ಬರಿದ್ದೂ ಟ್ಯಾಂಕ್ ಯಾಕೆ ತುಂಬಿರುತ್ತಿತ್ತೆಂದು ಈಗ ತಿಳಿಯಿತು. ಬಾವಿ ಉಳಿಸಲು ನಾನು ಯಾರನ್ನು ಬೇಡ ಅಂದಿದ್ದೆನೋ, ಅವಳೇ ನನ್ನ ಬಾವಿ ಉಳಿಸುತ್ತಿದ್ದಳು.

ಇವರ ವಿಚಾರಣೆ ಶುರುವಾಗಿತ್ತು. ಹಾನಗಲ್ ಕಡೆ. ಫಕೀರವ್ವನ ಅಪ್ಪ ಏನು ಮಾಡುತ್ತಿದ್ದರು? "ಮೆಣಸಿನಕಾಯಿ ಹೇರ್ಕೊಂಡು ಶಿರಸಿ ಸಂತಿಗೆ ಬರ್ತಿದ್ದ ರೀ."

"ಶಿರಸಿ ಸಂತೆಗಾ! ನಮ್ಮ ಅಪ್ಪಯ್ಯ ವಾನಳ್ಳಿಯಿಂದ ಬಂದು ಮೆಣಸಿನಕಾಯಿ ತಗೊಳ್ಳುತ್ತಿದ್ದದ್ದು ಅದೇ ಸಂತೆಯಲ್ಲಿ!" ನನ್ನ ಕಡೆ ತಿರುಗಿದರು. "ಸಿಕ್ತು ನೋಡೇ!" ಮತ್ತೆ ಫಕೀರವ್ವನಿಗೆ, "ನಿಮ್ಮಪ್ಪ ಕೊಟ್ಟ ಮೆಣಸಿನಕಾಯಿ ತಿಂದು ಬೆಳೆದವ ನಾನು. ಇನ್ನು ನೀವು ನನಗೆ ಅಕ್ಕ."

ಆ ಸಂತೆಯಲ್ಲಿ ಇಡೀ ತಾಲೂಕು ಮೆಣಸಿನಕಾಯಿ ಕೊಳ್ಳುತ್ತಿತ್ತು. ಆ ಲೆಕ್ಕದಲ್ಲಿ ಎಲ್ಲರೂ ತಮ್ಮಂದಿರೇ. ಆದರೆ ಫಕೀರವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು, ಗೀತಾ ನನ್ನ ಮುಖವನ್ನೇ ನೋಡುತ್ತಿದ್ದಳು.

"ಮನೆ ಹುಡುಕುವುದು ನಿಲ್ಲಿಸು" ಅಂದೆ.

ಎಗ್ರಿಮೆಂಟ್ ಮಾತ್ರ ಬಿಡಲಿಲ್ಲ. "ಅಕ್ಕನ ಹತ್ರ ಎಗ್ರಿಮೆಂಟಾ?" ಅಂತ ಇವರು ಗೊಣಗಿದರೂ ಹೊಸದು ಮಾಡಿಸಿದೆ, ಇಬ್ಬರ ಹೆಸರೂ ಹಾಕಿಸಿದೆ. ಬಾಡಿಗೆ ಕೊಡುವವರೇ, ಯಲ್ಲಾಪುರದ ನನ್ನ ಅಕ್ಕನ ಮಾತು ಅರ್ಧ ಕೇಳಿ. ಕಾಗದ ಗಟ್ಟಿ ಇರಲಿ, ತಾರಸಿಗೆ ಗೂಟ ಹೊಡೆಯಬಾರದೆಂದು ದಪ್ಪ ಅಕ್ಷರದಲ್ಲಿ ಬರೆಸಿ. ಆದರೆ ಊರು ಕೇಳಿ. ಮನೆಯಲ್ಲಿ ಯಾರಿದ್ದಾರೆ ಕೇಳಿ. ನೆಂಟಸ್ತಿಕೆ ಸಿಕ್ಕರೆ ಸಿಗಲಿ, ಏನೀಗ?

ಈಗ ಬೆಳಿಗ್ಗೆ ಬಿಸಿ ರೊಟ್ಟಿ ಕೆಳಗಿಳಿಯುತ್ತದೆ, ತಂಬುಳಿ ಮೇಲೆ ಹತ್ತುತ್ತದೆ. ("ಇದೇನ್ರಿ, ಮಜ್ಜಗೀಗೆ ಸೊಪ್ಪು ರುಬ್ಬಿ ಹಾಕೀರಿ?" ಅಂತ ಮೊದಲ ದಿನ ಕೇಳಿದ ಫಕೀರವ್ವ ಈಗ ಪಾತ್ರೆ ಮೊದಲೇ ಕಳಿಸುತ್ತಾಳೆ.)

ನಿನ್ನೆ ಹಿತ್ತಲಲ್ಲಿ ನಲ್ಲಿ ಪೂರಾ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದೆ. ಮೇಲಿನಿಂದ ಅವಳ ಗುಡುಗು ಬಂತು. "ಯಾರ್ರೀ ಅದು, ನೀರು ಹಂಗ ಹರಿಸಾಕತ್ತೀರಿ?" ತಟಕ್ಕನೆ ನಲ್ಲಿ ತಿರುಗಿಸಿ ಬಾಗಿಲ ಹಿಂದೆ ಸರಿದುಕೊಂಡೆ.

ಉಸಿರು ಬಿಗಿಹಿಡಿದು ನಿಲ್ಲುವ ಸರದಿ ಈಗ ಓನರಮ್ಮನದು. ನ್ಯಾಯ ತಾನೇ?