ಗೊರಬೆಯಡಿಯ ಸನೋಬರ್

ನಮ್ಮ ಮನೆಯ ಇಳಿಜಾರು ಮುಗಿದು ಜಾಲ್ಸೂರಿನ ಬಸ್ಸು ನಿಲ್ಲುವಲ್ಲಿ ಹೈದರ್ ಬ್ಯಾರಿಯ ಚಹಾದಂಗಡಿ. ಅವನು ಯುದ್ಧದ ಕಾಲದಲ್ಲಿ ದೂರದ ಉತ್ತರದ ಗಡಿಯ ಕ್ವೆಟ್ಟಾದ ಮಿಲಿಟರಿ ಅಡುಗೆಮನೆಯಲ್ಲಿ ರೊಟ್ಟಿ ಬೇಯಿಸಿದವನು. ಊರಿನವರು ಮಂಗಳೂರು ಕಂಡದ್ದನ್ನೇ ವರ್ಷವಿಡೀ ಹೇಳುತ್ತಾರೆ. ಕ್ವೆಟ್ಟಾ ಕಂಡವನು ಸುಮ್ಮನಿರುವುದು ಹೇಗೆ? ನಾನು ಮದುವೆಯಾಗಿ ಬಂದ ಐವತ್ತಾರನೇ ಇಸವಿಯ ಹೊತ್ತಿಗೇ ಅವನ ಸನೋಬರ್ ಮರದ ಕಥೆ ಎಲ್ಲರಿಗೂ ಬಾಯಿಪಾಠವಾಗಿತ್ತು.

"ಮಳೆ ಬೇಡ, ಮಣ್ಣು ಬೇಡ ಮಾರಾಯ್ರೆ. ಒಣ ಬಂಡೆಯಲ್ಲಿ ಹುಟ್ಟುದು, ಸಾವಿರ ವರ್ಷ ಬದುಕುದು. ಹಿಮ ಬಿದ್ದರೆ ಹಕ್ಕಿಗಳಿಗೆ ಅದರ ಕಾಯಿಯೇ ಅನ್ನ. ಬೇರಿನ ಸಂದಿಯಲ್ಲಿ ಮೊಲದ ಸಂಸಾರ. ನರಿ ಸಹ ಬಂದು ಕಾಯಿ ತಿಂತದೆ."

"ನರಿ ಕಾಯಿ ತಿಂತದಾ?" ನನ್ನ ಮಾವ ಮೇದಪ್ಪ ಗೌಡರು ಗ್ಲಾಸು ಕೆಳಗಿಟ್ಟು ಕೇಳುವರು. "ಹಾಗಾದರೆ ನಿನ್ನ ಕ್ವೆಟ್ಟಾದ ಕೋಳಿಗಳಿಗೆ ಭಾರೀ ಸುಖ ಉಂಟು!"

ಅಂಗಡಿಯಿಡೀ ನಗು. ಕೊನೆಕೊನೆಗೆ ಹೈದರ್ ಸಕ್ಕರೆ ಮುಗಿದಿದೆ ಎಂದರೂ ಜನ ಡಬ್ಬಿ ತೆರೆದು ನೋಡುವಷ್ಟಾಯಿತು.

ಒಂದು ಬೇಸಿಗೆಯಲ್ಲಿ ಅವನು ರೋಸಿಹೋಗಿ, ಟ್ರಂಕಿನ ತಳದಿಂದ ಒಣಗಿದ ಸನೋಬರ್ ಕಾಯಿಗಳ ಗಂಟು ತಂದು ಮೇಜಿನ ಮೇಲೆ ಬಿಚ್ಚಿದ. "ಇದು ಮೊಳೆಯದಿದ್ದರೆ ಇನ್ನು ಕ್ವೆಟ್ಟಾದ ಹೆಸರು ಎತ್ತುದಿಲ್ಲ. ಆಣೆ." ಇಷ್ಟು ಒಳ್ಳೆಯ ಆಣೆಯನ್ನು ಯಾರೂ ಬೇಡವೆನ್ನಲಿಲ್ಲ. ಅವನ ಬದುಕಿನಿಂದ ಕ್ವೆಟ್ಟಾವನ್ನು ತೆಗೆದರೆ ಉಳಿಯುವುದು ಮಸಿ ಹಿಡಿದ ಚಹಾ ಪಾತ್ರೆ ಮಾತ್ರ ಎಂಬುದು ಯಾರಿಗೂ ಹೊಳೆಯಲಿಲ್ಲ.

ಅಲ್ಲಿ ಹಕ್ಕಿಯ ಹೊಟ್ಟೆಯೊಳಗೆ ಹೋಗಿಬಂದ ಬೀಜವೇ ಮೊಳೆಯುವುದಂತೆ. ಹಾಗಾಗಿ ಕಾಯಿಗಳನ್ನು ಅನ್ನದ ಉಂಡೆಯಲ್ಲಿಟ್ಟು ಹುಂಜಕ್ಕೆ ತಿನ್ನಿಸಿದ. ಆಮೇಲೆ ತೆಂಗಿನ ಗೆರಟೆ ಹಿಡಿದು ಅದರ ಹಿಂದೆಯೇ ತಿರುಗಾಟ. ಸೊಂಟದಲ್ಲಿದ್ದ ನನ್ನ ಮಗು ಅಷ್ಟು ನಕ್ಕದ್ದನ್ನು ನಾನು ಮತ್ತೆ ಕಂಡಿಲ್ಲ. ಸಿಕ್ಕಿದ್ದನ್ನೆಲ್ಲ ಅಂಗಡಿಯ ಹಿಂದಿನ ಮುರಕಲ್ಲು ಬಂಡೆಯ ಬಿರುಕಿಗೆ ಹಾಕಿದ.

ಅಷ್ಟರಲ್ಲಿ ಮಳೆ ಹಿಡಿಯಿತು. ನಮ್ಮ ಮಳೆ ಕ್ವೆಟ್ಟಾದ ಮರಕ್ಕೆ ವಿಷ ಎಂದು ಹೈದರ್ ತನ್ನ ಹೆಂಡತಿ ಜೈನಬಮ್ಮ ಗದ್ದೆಯಲ್ಲಿ ನೇಜಿ ನೆಡುವಾಗ ಮಳೆಗೆ ಬೆನ್ನಿಗೆ ಹಾಕಿಕೊಳ್ಳುವ ಓಲೆಯ ಗೊರಬೆಯನ್ನೇ ತಂದು ಬಿರುಕಿನ ಮೇಲೆ ಕವುಚಿದ.

"ಬಂಡೆಯಲ್ಲಿ ಸಾವಿರ ವರ್ಷ ಬದುಕುವ ಮರಕ್ಕೆ ಗೊರಬೆ ಬೇಕಂತೆ," ಗದ್ದೆಯಿಂದ ತೊಪ್ಪೆಯಾಗಿ ಬಂದ ಜೈನಬಮ್ಮ ನನ್ನೆದುರು ಸೆರಗು ಹಿಂಡಿದಳು. "ನಾನು ನಿನ್ನೆ ಮೊನ್ನೆ ಹುಟ್ಟಿದವಳಲ್ವಾ, ಒದ್ದೆಯಾದರೆ ಅಡ್ಡಿಯಿಲ್ಲ."

ಮಾವನವರೂ ಸುಮ್ಮನಿರದೆ, ಅಡಿಕೆ ಸಸಿಗೆ ಹಾಕುವಂತೆ ಬುಡಕ್ಕೆ ಸೊಪ್ಪು ಹಾಕು ಎಂದರು. ಮೊಳಕೆಯೇ ಬಾರದ ಮರಕ್ಕೆ ಬುಡ ಎಲ್ಲಿಂದ ಎಂದು ಕೇಳಲು ನಾನು ಸೊಸೆ, ಬಾಯಿ ಮುಚ್ಚಿಕೊಂಡೆ.

ಗೊರಬೆಯ ಬೆನ್ನು ಪಿಕಳಾರ ಹಕ್ಕಿಗಳಿಗೆ ಒಳ್ಳೆಯ ಪೀಠವಾಯಿತು. ಮಳೆ ಬಿಟ್ಟ ಮೇಲೆ ನೋಡಿದರೆ ಅದರ ಅಂಚಿನಲ್ಲಿ ಕೆಂಪು ಚಿಗುರಿನದೊಂದು ಸಸಿ! ಹೈದರ್ ಎಲ್ಲರಿಗೂ ಪುಕ್ಕಟೆ ಚಹಾ ಕೊಟ್ಟ. ಮಾವನವರು ಚಹಾ ಕುಡಿದು ಮುಗಿಸಿ, ಎಲೆ ಚಿವುಟಿ, ಉಜ್ಜಿ ಮೂಸಿದರು.

"ಇದು ಕುಂಟಾಲ ಮಾರಾಯ. ಪಿಕಳಾರ ಹಣ್ಣು ತಿಂದು ಹಾಕಿದ್ದು. ಗುಡ್ಡೆಯಲ್ಲಿ ಬೇಕಾದಷ್ಟು ಉಂಟು."

ಹೈದರ್ ಗ್ಲಾಸುಗಳನ್ನು ಒಟ್ಟುಮಾಡಿ ತೊಳೆಯಲು ಹೋದ. ಆಣೆ ತಪ್ಪಲಿಲ್ಲ, ಮತ್ತೆ ಕ್ವೆಟ್ಟಾ ಎನ್ನಲಿಲ್ಲ. ಅಂಗಡಿಯಲ್ಲಿ ನಗುವೂ ನಿಂತಿತು. ಚಹಾ ನೀರಾಗಿದೆ ಎಂದು ಜನ ಗೊಣಗಿದರು, ಅದು ಮೊದಲೂ ನೀರೇ.

ಸಸಿಯನ್ನು ಮಾತ್ರ ಅವನು ಕೀಳಲಿಲ್ಲ. ಯಾರೂ ನೀರು ಹಾಕದಿದ್ದರೂ ಅದು ಬಂಡೆ ಸೀಳಿ ಪೊದೆಯಾಯಿತು. ಈಗ ಹಣ್ಣಿನ ಕಾಲಕ್ಕೆ ಪಿಕಳಾರಗಳ ಜಗಳ, ಕೆಳಗೆ ಬಿದ್ದದ್ದಕ್ಕೆ ಪುನುಗು ಬೆಕ್ಕು, ಬುಡದಲ್ಲಿ ಮುಂಗುಸಿಯ ಸಂಸಾರ. ಮಕ್ಕಳ ಹೊಟ್ಟೆ ಕೆಟ್ಟರೆ ನಾನೂ ಅದರ ಕುಡಿಯನ್ನೇ ತಂದು ತಂಬುಳಿ ಮಾಡುತ್ತೇನೆ.

ಮೊನ್ನೆ ಕುಡಿ ಕೊಯ್ಯುತ್ತಿದ್ದಾಗ, ಕಾಸರಗೋಡಿನ ಬಸ್ಸಿಗೆ ಕಾಯುತ್ತಿದ್ದ ಪರವೂರಿನವರೊಬ್ಬರು ಇದೆಂತ ಗಿಡ ಎಂದು ಕೇಳಿದರು. ಅಂಗಡಿಯ ಬೆಂಚಿನಲ್ಲಿ ಕೂತಿದ್ದ ಮಾವನವರು ಎದೆ ಸೆಟೆಸಿದರು. "ಇದಾ? ಸನೋಬರ್! ಕ್ವೆಟ್ಟಾದ್ದು. ಈ ಜಿಲ್ಲೆಯಲ್ಲಿ ಇರುದು ಇದೊಂದೇ."

ಒಳಗಿಂದ ಹೈದರ್ ಹೇಳಿದ, "ಅಲ್ಲ ಸ್ವಾಮಿ, ಅದು ಕುಂಟಾಲ."

"ಅವನ ಮಾತು ಬಿಡಿ," ಎಂದರು ಮಾವನವರು. "ಅವ ಹೇಳುದರಲ್ಲಿ ಒಂದೂ ನಿಜ ಇಲ್ಲ."

ಆ ಮನುಷ್ಯ ತಲೆಯಾಡಿಸಿ, ಕ್ವೆಟ್ಟಾದ ಒಂದು ಎಲೆ ಕಿತ್ತು ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದರು.